ಮೂವತ್ತನಾಲ್ಕು ಡಿಗ್ರಿ, ಅದೂ ನೆರಳಿನಲ್ಲಿ

ಅವನನ್ನು ಎಲ್ಲರೂ ಹಲ್ಲಿ ಎಂದೇ ಕರೆಯುತ್ತಿದ್ದರು. ಬಣ್ಣದವರ ತಂಡಕ್ಕೆ ಸೇರಿದ ಹೊಸತರಲ್ಲಿ ಯಾರೋ ಇಟ್ಟ ಹೆಸರು. ಬರಬರುತ್ತಾ ಮೇಸ್ತ್ರಿಯೂ ಹಾಗೇ ಕೂಗತೊಡಗಿದ, ಆಮೇಲೆ ಒಡಹುಟ್ಟಿದ ತಮ್ಮನ ಬಾಯಲ್ಲೂ ಅದೇ ಬಂತು, ಕೊನೆಗೆ ಹೆಂಡತಿಯ ತವರಿನಲ್ಲೂ "ಹಲ್ಲಿ ಭಾವ ಬಂದ್ರು, ಕುರ್ಚಿ ಕೊಡಿ" ಎನ್ನುವಂತಾಯಿತು. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ಅವನ ಕೆಲಸ. ಮೇಲಿನಿಂದ ಇಳಿಬಿಟ್ಟ ಎರಡು ಹಗ್ಗ, ಕೂರಲು ಒಂದು ಹಲಗೆ, ಸೊಂಟಕ್ಕೊಂದು ಪಟ್ಟಿ, ಪಕ್ಕದಲ್ಲಿ ತೂಗುವ ಬಕೆಟ್ಟು. ಇಷ್ಟಿದ್ದರೆ ಹನ್ನೆರಡನೇ ಅಂತಸ್ತಿನ ಗೋಡೆಗೂ ಅಂಟಿಕೊಂಡು ಬಿಡುತ್ತಿದ್ದ. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಗೋಡೆಯ ಮೇಲೆ ಒಂದು ಪಟ್ಟೆ ಬಣ್ಣ ಹೊಸದಾಗಿರುತ್ತಿತ್ತು, ಅವನ ಬಾಯಲ್ಲಿ ಒಂದು ಹಾಡು ಹಳತಾಗಿರುತ್ತಿತ್ತು.

ಆ ಕಾಲದಲ್ಲಿ ಹವಾಮಾನ ವರದಿ ಎಂದರೆ ಅವನಿಗೆ ಟಿವಿಯಲ್ಲಿ ಸುದ್ದಿ ಮುಗಿಯಿತು, ಎದ್ದು ಕೈ ತೊಳೆಯಬಹುದು ಎಂಬ ಸೂಚನೆ, ಅಷ್ಟೇ. ಗಾಳಿ ಎಷ್ಟಿದೆ ಎಂದು ತಿಳಿಯಲು ಬಕೆಟ್ಟಿನ ತೂಗಾಟ ಸಾಕಿತ್ತು. ಮಳೆಯ ಚಿಂತೆ ಮೇಸ್ತ್ರಿಯದು. ಇನ್ನು ಬಟ್ಟೆ ಆರಿಸುವ ಮಾತೆಲ್ಲಿ? ವರ್ಷವಿಡೀ ಒಂದೇ ವೇಷ. ಚುಕ್ಕೆಗಳು ಬಿದ್ದೂ ಬಿದ್ದೂ ತನ್ನ ಮೂಲ ಬಣ್ಣವನ್ನೇ ಮರೆತಿದ್ದ ತುಂಬುತೋಳಿನ ಅಂಗಿ, ಮೊಣಕಾಲಲ್ಲಿ ತೇಪೆ ಹಾಕಿದ ಪ್ಯಾಂಟು, ತಲೆಗೆ ಸುತ್ತಿದ ಟವೆಲ್ಲು. ಬಿಸಿಲಾದರೆ ಬೆವರುತ್ತಿದ್ದ, ಚಳಿಯಾದರೆ ಕೈ ಬೇಗ ಆಡಿಸುತ್ತಿದ್ದ. ದೇಹವೇ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಅದು ನೋಡಿಕೊಳ್ಳುತ್ತಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಅಷ್ಟೆತ್ತರದಿಂದ ಬೀಳದವನು ಬಿದ್ದದ್ದು ಚಿಕ್ಕಪ್ಪನ ಮನೆಯ ಗೇಟಿನ ಕಮಾನಿನಿಂದ. ರಜೆಯ ದಿನ, ಪುಕ್ಕಟೆ ಕೆಲಸ, ಮನೆಯ ಏಣಿ. "ಈ ಗೇಟಿಗೆ ಹಗ್ಗ ಕಟ್ಕೊಳ್ಳೋದಾ ಚಿಕ್ಕಪ್ಪ? ಜನ ನಗ್ತಾರೆ" ಎಂದು ಹೇಳಿ ಹತ್ತಿದ. ಏಣಿಯ ಒಂದು ಕಾಲು ಜಾರಿತು. ಕೆಳಗೆ ಹೂಕುಂಡಗಳ ಕಟ್ಟೆಯಿತ್ತು. ಅದರ ಅಂಚು ಅವನ ಬೆನ್ನಿಗೆ, ಎರಡು ಹೆಗಲೆಲುಬುಗಳ ನಡುವೆ, ಬಡಿಯಿತು. ಬಕೆಟ್ಟು ಅವನ ಮೇಲೆಯೇ ಬೋರಲಾಯಿತು. ಕಾಲ ಮೇಲೆ ಬಣ್ಣ ಹರಿಯುತ್ತಿರುವುದು ಕಣ್ಣಿಗೆ ಕಂಡಿತು, ತಣ್ಣಗಾಗಲಿಲ್ಲ. ತನಗೆ ಏನಾಗಿದೆ ಎಂಬುದು ಆ ಗಳಿಗೆಯಲ್ಲೇ ಗೊತ್ತಾಯಿತು ಎಂದು ಮುಂದೆ ತಮ್ಮನ ಹತ್ತಿರ ಹೇಳಿದ್ದ.

ಕೈಗಳು ಉಳಿದವು. ಎದೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಿಡುವಾಗ ವೈದ್ಯರು ಹೇಳಿದ ಮಾತುಗಳು ಒಂದೆರಡಲ್ಲ. ಮೂತ್ರದ ಚೀಲ, ಬೆನ್ನಿನ ಹುಣ್ಣು, ಮಾತ್ರೆ, ಮಗ್ಗುಲು ಬದಲಿಸುವುದು. ಅವುಗಳ ನಡುವೆ ಇನ್ನೊಂದು ಮಾತೂ ಇತ್ತು: "ಇನ್ಮೇಲೆ ನಿಮ್ಮ ದೇಹ ಕೆಳಗಡೆ ಬೆವರೋದಿಲ್ಲ, ನಡುಗೋದಿಲ್ಲ. ಹೊರಗೆ ಕಾದ್ರೆ ನೀವೂ ಕಾಯ್ತೀರಿ, ಹೊರಗೆ ತಣ್ಣಗಾದ್ರೆ ನೀವೂ ತಣ್ಣಗಾಗ್ತೀರಿ. ಜೋಪಾನ." ನಡೆಯಲಾಗದು ಎಂಬ ಮಾತು ಕೇಳಿದವನ ಕಿವಿಗೆ ಬೆವರುವುದಿಲ್ಲ ಎಂಬ ಮಾತು ಯಾವ ಲೆಕ್ಕ? ಹಲ್ಲಿ ತಲೆಯಾಡಿಸಿದ. ಹೆಂಡತಿಯೂ ತಲೆಯಾಡಿಸಿದಳು. ಅವಳು ಆಗ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಳು. ಗಂಡನನ್ನು ಮನೆಗೆ ತಂದ ವಾರವೇ ಕೆಲಸ ಬಿಟ್ಟಳು.

ಅವರದು ನೆಲಮಟ್ಟದ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಂಚ, ವೀಲ್‌ಚೇರು, ಅವಳ ಹೊಲಿಗೆ ಯಂತ್ರ. ಹಿಂದಿನದು ಅಡುಗೆಗೆ, ಅದಕ್ಕೆ ಅಂಟಿಕೊಂಡೇ ಬಚ್ಚಲು. ಮುಂದಿನ ಕೋಣೆಗೆ ಒಂದೇ ಕಿಟಕಿ. ಅದರಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಆಕಾಶ ನೋಡಬೇಕೆಂದರೆ ಮಂಚದ ತಲೆಯ ಕಡೆಗೆ ಕಾಲು ಹಾಕಿ ಮಲಗಿ, ಕುತ್ತಿಗೆ ಹೊರಳಿಸಿ, ಒಂದು ಬೆರಳಷ್ಟು ಅಗಲದ ಪಟ್ಟಿಯನ್ನು ನೋಡಬೇಕು. ಹಲ್ಲಿ ಆ ಗೋಡೆಯನ್ನು ಓದಿ ಮುಗಿಸಿದ. ಪುಟ್ಟಿ ಸರಿಯಾಗಿ ಉಜ್ಜಿಲ್ಲ, ಪ್ರೈಮರ್ ಒಣಗುವ ಮೊದಲೇ ಬಣ್ಣ ಬಳಿದಿದ್ದಾರೆ, ಬಲಗಡೆ ಕೊಳವೆ ಸೋರುತ್ತಿದೆ. ಆಮೇಲೆ ಓದಲು ಏನೂ ಇರಲಿಲ್ಲ.

ಮೊದಲ ಬೇಸಿಗೆಯಲ್ಲಿ ಮೇಸ್ತ್ರಿ ಬಂದ. ಊರಿನ ಆ ತುದಿಯಲ್ಲಲ್ಲ, ನಾಲ್ಕು ಬೀದಿ ಆಚೆಗೇ ತಂಡದವರು ಒಂದು ದೊಡ್ಡ ಕಟ್ಟಡ ಮುಗಿಸಿದ್ದರು. ಹಲ್ಲಿ ಬೀಳುವ ಮೊದಲು ಅದರ ಪಶ್ಚಿಮದ ಗೋಡೆಯನ್ನು ಪೂರ್ತಿ ಅವನೊಬ್ಬನೇ ಬಳಿದಿದ್ದ.

"ಬಾರೋ ಹಲ್ಲಿ, ನಿನ್ನ ಗೋಡೆ ನೋಡ್ಕೊಂಡು ಬರೋಣ. ಸಂಜೆ ಬಿಸಿಲು ಬಿದ್ದಾಗ ಹೆಂಗೆ ಕಾಣುತ್ತೆ ಗೊತ್ತಾ!"

ಹೆಂಡತಿ ಫೋನು ನೋಡಿದಳು. ಮೂವತ್ತನಾಲ್ಕು ಎಂದಿತ್ತು.

"ಮೂವತ್ತನಾಲ್ಕೆಲ್ಲಾ ಒಂದು ಬಿಸಿಲಾ?" ಎಂದ ಹಲ್ಲಿ. "ಮೂವತ್ತೆಂಟರಲ್ಲಿ ನೇತಾಡಿದೋನು ನಾನು."

ಹೊಸ ಕಪ್ಪು ಟ್ರ್ಯಾಕ್ ಪ್ಯಾಂಟು ಹಾಕಿಸಿಕೊಂಡ. ನಾಲ್ಕು ಜನ ನೋಡುವ ಕಡೆ ಹೋಗುವುದಲ್ಲವೇ, ಬೂಟನ್ನೂ ಹಾಕಿಸಿಕೊಂಡ. ಮೇಸ್ತ್ರಿ ಕುರ್ಚಿ ತಳ್ಳಿದ. ಹೋದದ್ದು ಸಂಜೆಯಲ್ಲ, ಮಧ್ಯಾಹ್ನ ಊಟವಾದ ಮೇಲೆ. ಸಂಜೆ ಮೇಸ್ತ್ರಿಗೆ ಬೇರೆ ಕೆಲಸವಿತ್ತು. ಕಟ್ಟಡದ ಎದುರಿನ ಕಾಂಕ್ರೀಟ್ ಅಂಗಳದಲ್ಲಿ ನೆರಳೆಂಬುದು ಹುಡುಕಿದರೂ ಇರಲಿಲ್ಲ. ಹಲ್ಲಿ ಗೋಡೆ ನೋಡಿದ, ನಕ್ಕ, ಹಳೆಯ ಮಾತು ತೆಗೆದ. ಹಣೆ, ಕುತ್ತಿಗೆ, ತೋಳು ಬೆವರಿನಿಂದ ತೊಯ್ದವು. ಕೆಳಗೆ ಕಪ್ಪು ಬಟ್ಟೆಯೊಳಗೆ ಕಾಲುಗಳು ಒಣಗಿದ ಕಟ್ಟಿಗೆಯ ಹಾಗೆ ಸದ್ದಿಲ್ಲದೆ ಕಾಯುತ್ತಿದ್ದುದು ಅವನಿಗೆ ತಿಳಿಯುವುದಾದರೂ ಹೇಗೆ? ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ಆಮೇಲೆ ಮೇಸ್ತ್ರಿಯನ್ನು "ಚಿಕ್ಕಪ್ಪ" ಎಂದು ಕರೆದ. ಮೇಸ್ತ್ರಿಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು.

ಆಸ್ಪತ್ರೆಯಲ್ಲಿ ಒದ್ದೆ ಬಟ್ಟೆ ಹೊದಿಸಿ, ಫ್ಯಾನು ಹಾಕಿ, ನರಕ್ಕೆ ನೀರು ಏರಿಸಿದರು. ಬದುಕಿದ. ಅಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಮ್ಮು ಹಾಸಿಗೆಯ ಪಕ್ಕ ಕುಳಿತು ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದರು.

"ಫೋನಲ್ಲಿ ತೋರಿಸೋ ಮೂವತ್ತನಾಲ್ಕು ಇದೆಯಲ್ಲ, ಅದು ನೆರಳಿನ ಲೆಕ್ಕ. ಗಾಳಿಯಾಡೋ ಬಿಳಿ ಪೆಟ್ಟಿಗೆಯೊಳಗೆ ಇಟ್ಟು ಅಳೀತಾರೆ. ಬಿಸಿಲಲ್ಲಿ, ಸಿಮೆಂಟಿನ ಮೇಲೆ, ಕಪ್ಪು ಬಟ್ಟೆ ಹಾಕ್ಕೊಂಡು ಕೂತೋರಿಗೆ ಆ ಲೆಕ್ಕ ಬರೋದಿಲ್ಲ."

"ಹಾಗಾದ್ರೆ ಆ ನಂಬರ್ ಸುಳ್ಳಾ ಮೇಡಮ್?" ಹೆಂಡತಿ ಕೇಳಿದಳು.

"ಸುಳ್ಳಲ್ಲಮ್ಮ. ಆದ್ರೆ ಅದೊಂದೇ ಸಾಲದು. ದಿನದಲ್ಲಿ ಅತಿ ಹೆಚ್ಚು ಕಾಯೋದು ಮಧ್ಯಾಹ್ನ ಎರಡು ಮೂರು ಗಂಟೆಗೆ, ಅದನ್ನೇ ದೊಡ್ಡದಾಗಿ ತೋರಿಸ್ತಾರೆ. ಕೆಳಗೆ ಗಂಟೆ ಗಂಟೆದು ಬೇರೆ ಇರುತ್ತೆ, ಅದನ್ನ ನೋಡಿ. ಗಾಳಿಯಲ್ಲಿ ತೇವ ಹೆಚ್ಚಿದ್ರೆ ಇದ್ದ ಬೆವರೂ ಆರೋದಿಲ್ಲ, ಅದಕ್ಕೇ ‘ಇಷ್ಟು ಅನಿಸುತ್ತೆ’ ಅಂತ ಇನ್ನೊಂದು ನಂಬರ್ ಕೊಟ್ಟಿರ್ತಾರೆ. ಇವರಿಗಂತೂ ಬೆವರು ಅರ್ಧ ಮೈಗೇ ಇಲ್ಲ. ತಿಳಿ ಬಣ್ಣದ ಸಡಿಲ ಬಟ್ಟೆ, ಕುತ್ತಿಗೆಗೆ ಒದ್ದೆ ಟವೆಲ್, ಅಗಲ ಅಂಚಿನ ಟೋಪಿ, ನೆರಳು. ಇಷ್ಟಿದ್ರೆ ಹೊರಗೆ ಹೋಗ್ಬಹುದು."

ಮೇಡಮ್ಮು ಹೇಳಿದ್ದು ಹೋಗಬಹುದು ಎಂದು. ಹೆಂಡತಿಗೆ ಕೇಳಿಸಿದ್ದು ಹೋದರೆ ಸಾಯಬಹುದು ಎಂದು.

ಅಲ್ಲಿಂದ ಶುರುವಾಯಿತು ಹಲ್ಲಿಯ ನಿಜವಾದ ಸೆರೆವಾಸ. ಹೆಂಡತಿ ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಫೋನು ನೋಡುತ್ತಿದ್ದಳು. ನೋಡಿ, "ಇವತ್ತು ಬೇಡ" ಎನ್ನುತ್ತಿದ್ದಳು. ಮೂವತ್ತು ದಾಟಿದರೆ ಬೇಡ. ಬಿಸಿಲಿದ್ದರೆ ಬೇಡ. ಮೋಡವಿದ್ದರೆ ಸೆಕೆ, ಅದೂ ಬೇಡ. ಮಳೆಯಂತೂ ಬೇಡವೇ ಬೇಡ. ಎಲ್ಲವೂ ಸರಿಯಿದ್ದ ದಿನ ಅವಳಿಗೆ ಮನೆಯಲ್ಲೇ ಕೂಲಿಗೆ ಹೊಲಿದ ಬಟ್ಟೆಯ ಗಂಟು ತಲುಪಿಸುವ ಅವಸರವಿರುತ್ತಿತ್ತು, ಕುರ್ಚಿ ತಳ್ಳಲು ಪುರುಸೊತ್ತಿರುತ್ತಿರಲಿಲ್ಲ. ಕುರ್ಚಿ ದಾಟಿಸಲೆಂದು ಹಲ್ಲಿಯ ತಮ್ಮ ಬಾಗಿಲ ಹೊಸ್ತಿಲಿಗೆ ಮರದ ಇಳಿಜಾರು ಹಲಗೆ ಮಾಡಿಕೊಟ್ಟಿದ್ದ. ಅವಳು ಅದನ್ನು ಮಂಚದ ಕೆಳಗೆ ಸರಿಸಿಟ್ಟಳು. "ಬಾಗಿಲು ಹಾಕೋಕೆ ಅಡ್ಡ ಆಗುತ್ತೆ" ಎಂದಳು.

ಹಲ್ಲಿಗೂ ಬೇರೆ ಕೆಲಸವೇನು? ಅವನೂ ಫೋನು ಹಿಡಿದ. ಗಂಟೆ ಗಂಟೆಯ ಲೆಕ್ಕ ನೋಡತೊಡಗಿದ. ಗರಿಷ್ಠ, ಕನಿಷ್ಠ, ತೇವಾಂಶ, ಗಾಳಿಯ ದಿಕ್ಕು. ಕೇಸು ಗೆಲ್ಲಲು ಹೊರಟ ವಕೀಲನ ಹಾಗೆ ವಾದ ಹೂಡುತ್ತಿದ್ದ.

"ನೋಡು, ಏಳರಿಂದ ಎಂಟು ಇಪ್ಪತ್ತೈದೇ ಇದೆ. ಒಂದು ಗಂಟೆ ಹೋಗಿ ಬಂದ್ಬಿಡೋಣ."

"ಎಂಟಕ್ಕೆ ವಾಪಸ್ ಬರ್ತೀರಾ? ಆವತ್ತೂ ಬೇಗ ಬರ್ತೀನಿ ಅಂತಲೇ ಹೋಗಿದ್ರಿ."

"ಆವತ್ತು ಕಪ್ಪು ಪ್ಯಾಂಟು. ಇವತ್ತು ಬಿಳೀದು ಹಾಕ್ತೀನಿ."

"ಬಿಳೀದು ಒಗೆದಿಲ್ಲ ರೀ."

ಹೀಗೆ. ವಾದದಲ್ಲಿ ಅವನೇ ಗೆದ್ದರೂ ಇಳಿಜಾರು ಹಲಗೆ ಮಂಚದ ಕೆಳಗೇ ಇರುತ್ತಿತ್ತು, ಅದನ್ನು ಎಳೆಯಲು ಅವನು ಬಗ್ಗಿದರೆ ಕುರ್ಚಿಯಿಂದ ಮುಂದಕ್ಕೆ ಮುಗ್ಗರಿಸುತ್ತಿದ್ದ. ಕೆಲವೊಮ್ಮೆ ಮಾತೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ತಮ್ಮ ಒಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ವಾರಕ್ಕೊಮ್ಮೆ ಬಂದು ಅಣ್ಣನಿಗೆ ಗಡ್ಡ ಮಾಡಿ ಹೋಗುತ್ತಿದ್ದ. "ಅತ್ತಿಗೆ, ಮನುಷ್ಯನ್ನ ಹಿಂಗೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಹಾಕಿದ್ರೆ ಆಗುತ್ತಾ?" ಎಂದು ಒಮ್ಮೆ ಕೇಳಿದ. "ನೀನು ಕರ್ಕೊಂಡು ಹೋಗಿ ಕರ್ಕೊಂಡು ಬಾ, ನಾನು ಬೇಡ ಅಂದ್ನಾ?" ಎಂದಳು ಅತ್ತಿಗೆ. ಅವನ ರಜೆ ಬಂದ ದಿನ ಮೂವತ್ತಾರು ಇತ್ತು.

ಮಳೆಗಾಲ ಬಂತು, ಹೋಯಿತು. ಹೊರಗೆ ತಣ್ಣಗಾಗತೊಡಗಿತು. ಹಲ್ಲಿಗೆ ಇನ್ನು ತನ್ನ ಕಾಲ ಬಂತು ಎನಿಸಿತು. ಹೆಂಡತಿಯ ‘ಬೇಡ’ ಮಾತ್ರ ನಿಲ್ಲಲಿಲ್ಲ, ಕಾರಣ ಬದಲಾಯಿತು. ಈಗ ಗಾಳಿ, ಮಂಜು, ನೆಗಡಿ. ಒಂದು ಸಂಜೆ ಅವಳು ಗುಂಡಿ ಹೊಲಿಯುತ್ತಾ ಕೂತಿದ್ದಾಗ ಹಲ್ಲಿಯ ತಾಳ್ಮೆ ಕಿತ್ತುಹೋಯಿತು.

"ಬಿಸಿಲಿಗೂ ಬೇಡ, ಚಳಿಗೂ ಬೇಡ. ನೀನೇನು ಹೆಂಡ್ತಿಯಾ, ಜೈಲರಾ?"

ಅವಳು ದಾರವನ್ನು ಹಲ್ಲಿನಿಂದ ಕಡಿದು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಜೈಲರ್‌ಗೆ ಡ್ಯೂಟಿ ಅಂತ ಇರುತ್ತೆ, ಮುಗಿದ ಮೇಲೆ ಮನೆಗೆ ಹೋಗ್ತಾನೆ. ನಾನು ಎಲ್ಲಿಗೆ ಹೋಗಲಿ ಹೇಳು." ಮದುವೆಯಾದಂದಿನಿಂದ ಅವನನ್ನು ಬಹುವಚನದಲ್ಲೇ ಕರೆಯುತ್ತಿದ್ದವಳು ಆವತ್ತು ನೀನು ಎಂದಳು. "ನನ್ನ ತಂಗಿಗೆ ಮಗು ಹುಟ್ಟಿ ಅದು ಬೋರಲು ಬೀಳೋ ಹಾಗಾಯ್ತು. ನಾನು ಮುಖ ನೋಡಿಲ್ಲ. ಔಷಧಿ ಅಂಗಡಿ, ತರಕಾರಿ ಅಂಗಡಿ, ಗಂಟು ಕೊಡೋ ಜಾಗ. ಇಷ್ಟು ಬಿಟ್ಟು ನಾನು ಇನ್ನೊಂದು ಬೀದಿ ನೋಡಿದ್ದು ಯಾವಾಗ? ನೀನೊಬ್ಬನೇ ಒಳಗಿದ್ದೀಯ ಅಂದ್ಕೊಂಡಿದ್ದೀಯಾ?"

ಹಲ್ಲಿಗೆ ಇನ್ನಷ್ಟು ಸಿಟ್ಟು ಬಂತು. "ಹಾಗಾದ್ರೆ ಹೋಗು, ಯಾರು ಹಿಡ್ಕೊಂಡಿದ್ದಾರೆ?" ಎಂದುಬಿಟ್ಟ. ಅವಳು ಮತ್ತೆ ಸೂಜಿ ಕೈಗೆತ್ತಿಕೊಂಡಳು. ಆ ಮನೆಯಲ್ಲಿ ಸಿಟ್ಟು ಮಾಡಿಕೊಂಡು ಎದ್ದು ಹೋಗಲು ಇನ್ನೊಂದು ಕೋಣೆಯೂ ಸರಿಯಾಗಿ ಇರಲಿಲ್ಲ. ಇಬ್ಬರೂ ಅಲ್ಲೇ, ಒಂದೇ ದೀಪದ ಕೆಳಗೆ, ಒಬ್ಬರನ್ನೊಬ್ಬರು ನೋಡದೆ ಕೂತರು.

ಅದಾದ ಕೆಲವು ದಿನಗಳಿಗೆ ಒಂದು ಬೆಳಿಗ್ಗೆ ಫೋನಿನಲ್ಲಿ ಇಪ್ಪತ್ತನಾಲ್ಕು ಎಂದಿತ್ತು. ಮೋಡ. ಬಿಸಿಲಿಲ್ಲ. ಇಡೀ ಬೇಸಿಗೆ ಆ ಅಂಕಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದವನು ಹಲ್ಲಿ. ಹೆಂಡತಿ ಗಂಟು ತಲುಪಿಸಲು ಹೊರಟಳು. ಹೋಗುವ ಮೊದಲು ಮಂಚದ ಕೆಳಗೆ ಗುಡಿಸಲೆಂದು ಹೊರಗೆಳೆದ ಇಳಿಜಾರು ಹಲಗೆಯನ್ನು ಗೋಡೆಗೆ ಒರಗಿಸಿಟ್ಟಿದ್ದಳು, ಮತ್ತೆ ಒಳಗಿಡಲು ಮರೆತಳು. ಅವಳು ಬೀದಿ ತಿರುಗಿದಳೋ ಇಲ್ಲವೋ, ಹಲ್ಲಿ ಹಲಗೆಯನ್ನು ಹೊಸ್ತಿಲಿಗೆ ಬೀಳಿಸಿದ.

ಹೊರಡುವ ಮೊದಲು ಅವನು ತಯಾರಿ ಮಾಡಿಕೊಳ್ಳದೆ ಇರಲಿಲ್ಲ. ಮೇಡಮ್ಮು ಹೇಳಿದ್ದು ಒಂದೊಂದೂ ನೆನಪಿತ್ತು. ತೆಳ್ಳನೆಯ ಬಿಳಿ ಪ್ಯಾಂಟು ಮೈ ಮೇಲೇ ಇತ್ತು. ಸಡಿಲವಾದ ಹತ್ತಿ ಅಂಗಿ ಹಾಕಿಕೊಂಡ. ಟೋಪಿ. ಟವೆಲನ್ನು ಚೆನ್ನಾಗಿ ನೀರಲ್ಲಿ ಅದ್ದಿ ಹಿಂಡಿ ಕುತ್ತಿಗೆಗೆ ಸುತ್ತಿಕೊಂಡ. ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಬೇರೆ ಇಲ್ಲ. ಆದರೆ ಅಂದು ಬಿಸಿಲಿರಲಿಲ್ಲ. ಇಪ್ಪತ್ತನಾಲ್ಕು ಆಗುವುದು ಮಧ್ಯಾಹ್ನ ಮೂರಕ್ಕೆ. ಅವನು ಹೊರಟ ಹೊತ್ತಿಗೆ ಹದಿನಾಲ್ಕು ಇತ್ತು, ಉತ್ತರದ ಗಾಳಿ ಬೀಸುತ್ತಿತ್ತು. ಗಂಟೆ ಗಂಟೆಯ ಲೆಕ್ಕ ಬಾಯಿಪಾಠವಿದ್ದವನು ಅಂದು ದೊಡ್ಡ ಅಂಕಿಯನ್ನಷ್ಟೇ ನೋಡಿದ. ಅವನ ಶತ್ರು ಬಿಸಿಲೊಂದೇ ಆಗಿತ್ತು. ತಣ್ಣಗಿದೆ ಎಂದರೆ ಅವನ ಕಿವಿಗೆ ಬಿಡುಗಡೆ ಎಂದೇ ಕೇಳಿಸುತ್ತಿತ್ತು.

ಬೀದಿಯಲ್ಲಿ ಎದುರಾದವರೆಲ್ಲ ಸ್ವೆಟರ್ ತೊಟ್ಟಿದ್ದರು, ಕಿವಿ ಮುಚ್ಚಿಕೊಂಡಿದ್ದರು. ಹಲ್ಲಿ ನೋಡಿದ, ಆದರೆ ತನಗೆ ಚಳಿಯಾಗುತ್ತಿರಲಿಲ್ಲ. ಕುರ್ಚಿಯ ಚಕ್ರ ತಳ್ಳಿ ತಳ್ಳಿ ತೋಳು ಬಿಸಿಯಾಗಿದ್ದವು, ಉಸಿರು ಬಿಸಿಯಾಗಿತ್ತು. "ಇವರಿಗೆಲ್ಲಾ ಏನಾಗಿದೆ?" ಎಂದುಕೊಂಡ. ಎಷ್ಟೋ ತಿಂಗಳ ಮೇಲೆ ಒಬ್ಬನೇ ಹೊರಟಿದ್ದ. ರಸ್ತೆಯ ಗುಂಡಿ ಬಂದಲ್ಲಿ ಯಾರೋ ಹಿಂದಿನಿಂದ ಒಂದು ಕೈ ಹಾಕಿದರು. ನಾಲ್ಕನೇ ಬೀದಿ ತಿರುಗಿದಾಗ ಅವನ ಗೋಡೆ ಕಂಡಿತು.

ಗೋಡೆಯ ಮೇಲೆ ಜನ ಇದ್ದರು. ಮೇಲಿನಿಂದ ಹಗ್ಗ ಇಳಿಬಿಟ್ಟು ಮೂವರು ಹಲಗೆಯ ಮೇಲೆ ಕೂತು ಅವನು ಬಳಿದಿದ್ದ ಹಳದಿಯ ಮೇಲೆ ಬೂದು ಬಣ್ಣ ಎಳೆಯುತ್ತಿದ್ದರು. ಇಷ್ಟು ಬೇಗ ಯಾಕೆ ಎಂದು ಅವನಿಗೆ ಅರ್ಥವಾಗಲಿಲ್ಲ. ಮನೆಗಳವರಿಗೆ ಹಳದಿ ಹಿಡಿಸಲಿಲ್ಲವಂತೆ ಎಂದು ಆಮೇಲೆ ತಿಳಿಯಿತು. ಹಲ್ಲಿಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ರೋಲರ್ ಮೇಲಿಂದ ಕೆಳಗೆ ಬರುವ ಲಯವನ್ನು ನೋಡುತ್ತಾ ಅವನ ಬಲಗೈ ತಾನಾಗಿಯೇ ತೊಡೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಎಡಗಡೆಯವನು ಹೊಸಬ, ಅಂಚು ಬಿಡುತ್ತಿದ್ದಾನೆ. ನಡುವಿನವನ ಕೈ ಒಳ್ಳೆಯದು. ಹೀಗೆ ನೋಡುತ್ತಾ ಕೂತ. ಹನಿ ಶುರುವಾಯಿತು. ಮಳೆಯೆಂದು ಹೇಳುವಷ್ಟೇನಿಲ್ಲ, ಪುಡಿ ಪುಡಿ ಹನಿ. ಪ್ಯಾಂಟು ಒದ್ದೆಯಾಗಿ ಕಾಲಿಗೆ ಅಂಟಿತು. ಅಂಟಿದ್ದು ಕಾಣುತ್ತಿತ್ತು, ತಾಗುತ್ತಿರಲಿಲ್ಲ.

ಹಿಂದಿರುಗಬೇಕು ಎಂದು ಚಕ್ರಕ್ಕೆ ಕೈ ಹಾಕಿದಾಗ ಬೆರಳು ಮಡಚಲಿಲ್ಲ. ಇನ್ನೊಮ್ಮೆ ಯತ್ನಿಸಿದ. ಅಂಗೈ ಜಾರಿತು. ಕೂಗೋಣವೆಂದರೆ ನಾಲಿಗೆ ದಪ್ಪವಾಗಿತ್ತು. ಹೆದರಿಕೆಯಾಗಬೇಕಾದ ಹೊತ್ತಿನಲ್ಲಿ ಅವನಿಗೆ ಬಂದದ್ದು ನಿದ್ದೆ. ಒಳಗೆ ಕೂಡಿಹಾಕಿದ್ದಾರೆ ಎಂದು ಅಷ್ಟು ದಿನ ಕೊರಗಿದವನು ಈಗ ಬಯಲಿನಲ್ಲಿ, ನಾಲ್ಕು ದಿಕ್ಕೂ ತೆರೆದಿರುವಾಗ, ಒಂದು ಗೇಣು ಸರಿಯಲಾರದೆ ಕೂತಿದ್ದ. ಜನ ಪಕ್ಕದಲ್ಲೇ ಹಾದುಹೋದರು. ಯಾರನ್ನೋ ಕಾಯುತ್ತಿದ್ದಾನೆ ಎಂದುಕೊಂಡಿರಬೇಕು.

ಹನಿ ಹೆಚ್ಚಾದ್ದರಿಂದ ಬಣ್ಣದವರು ಕೆಲಸ ನಿಲ್ಲಿಸಿ ಇಳಿದರು. ನಡುವಿನ ಹಲಗೆಯವನು ಟೋಪಿಯ ಕೆಳಗಿನ ಮುಖವನ್ನು ಬಗ್ಗಿ ನೋಡಿದ. "ಲೇ, ಇದು ನಮ್ಮ ಹಲ್ಲಿಯಣ್ಣ ಕಣ್ರೋ!" ಮೇಸ್ತ್ರಿಯ ಹಳೆಯ ತಂಡದಲ್ಲಿ ಅವನ ಜೊತೆಗಿದ್ದವನು. ಮೈ ಮುಟ್ಟಿ ನೋಡಿ ಬೆಚ್ಚಿಬಿದ್ದ. ಒದ್ದೆ ಟವೆಲನ್ನು ಕಿತ್ತೆಸೆದು, ಮೂವರೂ ತಮ್ಮ ಜಾಕೆಟ್ಟು ಬಿಚ್ಚಿ ಸುತ್ತಿದರು. ಸಾಲದ್ದಕ್ಕೆ ನೆಲಕ್ಕೆ ಬಣ್ಣ ಬೀಳದಂತೆ ಹಾಸುವ ದಪ್ಪ ಬಟ್ಟೆಯನ್ನು ಕಾಲಿಗೆ ಹೊದಿಸಿದರು. "ಅಣ್ಣಾ, ಮಲಗ್ಬೇಡ. ಹೇಳು, ಎಡಗಡೆ ಪಟ್ಟೆ ಹೆಂಗೆ ಬಂದಿದೆ ಹೇಳು" ಎಂದು ಮಾತಾಡಿಸುತ್ತಾ ಕುರ್ಚಿ ತಳ್ಳಿಕೊಂಡು ಓಡಿದರು. "ಅಂಚು... ಬಿಟ್ಟಿದ್ದಾನೆ" ಎಂದ ಹಲ್ಲಿ. ಎಡಗಡೆಯವನಿಗೆ ಆ ಓಟದಲ್ಲೂ ಮುಖ ಸಣ್ಣಗಾಯಿತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ತೆರೆದ ಬಾಗಿಲು, ಹೊಸ್ತಿಲ ಮೇಲಿನ ಹಲಗೆ ಅವಳಿಗೆ ಎಲ್ಲವನ್ನೂ ಹೇಳಿದ್ದವು. ಬಂದವರನ್ನು ನೋಡಿ ಅವಳು ಕಿರುಚಲಿಲ್ಲ, ಅಳಲಿಲ್ಲ. ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಇದ್ದಬದ್ದ ಹೊದಿಕೆಯನ್ನೆಲ್ಲ ಹೊದಿಸಿದಳು. ಒಬ್ಬ ಬಿಸಿನೀರಿನ ಬಾಟಲಿಯನ್ನು ಪಾದಕ್ಕೆ ಇಡಲು ಹೋದಾಗ ಕೈ ಹಿಡಿದು ತಡೆದಳು. "ಅವರಿಗೆ ಗೊತ್ತಾಗಲ್ಲ, ಸುಟ್ಟುಹೋಗುತ್ತೆ." ತಮ್ಮನಿಗೆ ಫೋನು ಮಾಡಿಸಿದಳು. ಚಮಚದಲ್ಲಿ ಬಿಸಿ ಹಾಲು ಕುಡಿಸಿದಳು. ಡಾಕ್ಟರು ಬಂದು ನೋಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸಂಜೆಯ ಹೊತ್ತಿಗೆ ಹಲ್ಲಿಯ ನಾಲಿಗೆ ಸರಿಹೋಯಿತು.

"ಬೈದುಬಿಡು" ಎಂದ.

"ಏನಂತ ಬೈಯಲಿ? ನಾನೇ ಹಲಗೆ ಮರೆತೋಳು." ಅವಳು ತಟ್ಟೆ ಎತ್ತಿಕೊಂಡು ಹೊರಟವಳು ನಿಂತಳು. "ನಾನು ತಂಗಿ ಮನೆಗೆ ಹೋಗ್ತೀನಿ ರೀ. ನಿಮ್ಮ ತಮ್ಮ ಬಂದಿರ್ತಾನೆ. ಮೂರು ದಿನ."

ಅದು ಅಪ್ಪಣೆ ಕೇಳುವ ದನಿಯಾಗಿರಲಿಲ್ಲ.

ಅವಳಿಲ್ಲದ ದಿನಗಳಲ್ಲಿ ಬಿಸಿಲು ಎಳೆಯದಾಗಿತ್ತು, ಗಾಳಿಯಿರಲಿಲ್ಲ. ತಮ್ಮ ಹಲಗೆ ಹಾಕಿ, "ಬಾರಣ್ಣ, ಒಂದು ಸುತ್ತು" ಎಂದು ಕರೆದ. ಹಲ್ಲಿ ಬೇಡವೆಂದ. ಹೆದರಿಕೆಯೋ, ಇನ್ನೇನೋ. ತಾನು ಹೊರಗಿರುವಾಗ ಏನಾದರೂ ಆದರೆ ಅವಳು ಅರ್ಧ ದಾರಿಗೆ ಬಸ್ಸು ಇಳಿದು ಓಡಿ ಬರಬೇಕಾಗುತ್ತದೆ ಎಂದು ತಮ್ಮನಿಗೆ ಹೇಳಿದ. ತಮ್ಮನ ಅಡುಗೆ ಬಾಯಿಗಿಡುವಂತಿರಲಿಲ್ಲ. ಇಬ್ಬರೂ ಅದನ್ನು ಉಂಡರು.

ಅವಳು ಬಂದಾಗ ಮುಖ ಬದಲಾಗಿತ್ತು. ಮಗುವಿನ ಬಗ್ಗೆ ಹೇಳಿದಳು, ಅದು ಅವಳ ಕೂದಲು ಹಿಡಿದು ಬಿಡಲಿಲ್ಲವಂತೆ. ಚೀಲದಿಂದ ಒಂದು ಉಣ್ಣೆಯ ಬಟ್ಟೆ ತೆಗೆದಳು. ತಂಗಿಯ ಹಳೆಯ ಹೊದಿಕೆಯನ್ನು ಕತ್ತರಿಸಿ, ಕುರ್ಚಿಯಲ್ಲಿ ಕೂತವನ ಕಾಲನ್ನು ಸೊಂಟದಿಂದ ಪಾದದವರೆಗೆ ಚೀಲದ ಹಾಗೆ ಮುಚ್ಚುವಂತೆ ಹೊಲಿದಿದ್ದಳು. ಹೊರಗೆ ನೀರು ಇಳಿಯದ ಬಟ್ಟೆ, ಒಳಗೆ ಉಣ್ಣೆ, ಪಕ್ಕದಲ್ಲಿ ಜಿಪ್ಪು. ಆಮೇಲೆ ಹೇಳಿದಳು:

"ಇನ್ಮೇಲೆ ಬೇಕು ಬೇಡ ನಾನು ಹೇಳಲ್ಲ. ನೀವೇ ನೋಡಿ, ನೀವೇ ಹೇಳಿ. ಆದ್ರೆ ನನಗೆ ಪೂರ್ತಿ ಒಪ್ಪಿಸ್ಬೇಕು. ಹೋಗೋ ಹೊತ್ತಿಗೆ ಎಷ್ಟಿರುತ್ತೆ, ಬರೋ ಹೊತ್ತಿಗೆ ಎಷ್ಟಿರುತ್ತೆ, ಗಾಳಿ ಎಷ್ಟು, ಎಲ್ಲಿ ನೆರಳು. ಜ್ವರ ನೋಡೋ ಕಡ್ಡಿ ಜೇಬಲ್ಲಿರ್ಬೇಕು. ಮೈಗೆ ಹೇಗನಿಸುತ್ತೆ ಅಂತ ಕೇಳ್ಕೊಬೇಡಿ, ನಿಮ್ಮ ಮೈ ಸುಳ್ಳು ಹೇಳುತ್ತೆ. ಇನ್ನೊಂದು, ನಾನು ಫ್ಯಾಕ್ಟರಿಗೆ ಮತ್ತೆ ಹೋಗ್ತೀನಿ. ಅರ್ಧ ದಿನ. ಅಲ್ಲಿ ಕೇಳಿ ಆಗಿದೆ."

ಹಲ್ಲಿ ಆ ಉಣ್ಣೆಯ ಚೀಲದ ಜಿಪ್ಪನ್ನು ಎಳೆದು ನೋಡುತ್ತಿದ್ದ. "ಹೊಲಿಗೆ ಚೆನ್ನಾಗಿದೆ" ಎಂದ.

ಚಳಿಗಾಲದ ಉಳಿದ ದಿನಗಳಲ್ಲಿ ಅವನು ಹೋಗಿಬರುತ್ತಿದ್ದ. ಹತ್ತು ಗಂಟೆಯ ಮೇಲೆ, ಬಿಸಿಲು ಬಲಿತ ಮೇಲೆ, ಮೈಮೇಲೆ ಪದರ ಪದರವಾಗಿ ಬಟ್ಟೆ ಹಾಕಿಕೊಂಡು, ಬೆಚ್ಚಗಾದಂತೆ ಒಂದೊಂದನ್ನೇ ಬಿಚ್ಚಿ ಕುರ್ಚಿಯ ಹಿಂದಿನ ಚೀಲಕ್ಕೆ ತುರುಕುತ್ತಾ. ಎಷ್ಟೋ ದಿನ ಲೆಕ್ಕವೆಲ್ಲ ಸರಿಯಿದ್ದೂ ಬಟ್ಟೆ ಹಾಕಿಕೊಳ್ಳುವಷ್ಟರಲ್ಲೇ ಅರ್ಧ ಬೆಳಗು ಕಳೆದು, ಸುಸ್ತಾಗಿ, ಹೋಗುವುದೇ ಬೇಡವೆನಿಸುತ್ತಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಮತ್ತೆ ಬೇಸಿಗೆ ಬಂತು. ಅದು ಯಾರ ಒಪ್ಪಂದಕ್ಕೂ ಬಗ್ಗುವುದಲ್ಲ. ಬೆಳಿಗ್ಗೆ ಆರಕ್ಕೇ ಇಪ್ಪತ್ತೊಂಬತ್ತು. ಮಧ್ಯಾಹ್ನ ಮೂವತ್ತೇಳು, ಅನಿಸುವುದು ನಲವತ್ತೊಂದು. ಫೋನು ಗುರುವಾರ ತಂಪಾಗುತ್ತದೆ ಎನ್ನುತ್ತಿತ್ತು. ಗುರುವಾರ ಬಂದಾಗ ಶನಿವಾರ ಎನ್ನುತ್ತಿತ್ತು. ಶನಿವಾರ ಬಂದಾಗ ಮುಂದಿನ ವಾರ. ಬೇಡ ಎಂದು ಹೇಳುವವರು ಈಗ ಯಾರೂ ಇರಲಿಲ್ಲ, ದಿನವೂ ಅವನೇ ಹೇಳಿಕೊಳ್ಳಬೇಕಿತ್ತು. ಅದು ಮೊದಲಿಗಿಂತ ಸುಲಭವೇನೂ ಆಗಿರಲಿಲ್ಲ. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಹಲ್ಲಿ ಬರಿಮೈಗೆ ಒದ್ದೆ ಬಟ್ಟೆ ಹೊದ್ದು, ಫ್ಯಾನಿನ ಕೆಳಗೆ, ಪಕ್ಕದ ಗೋಡೆಯತ್ತ ಮುಖ ಮಾಡಿ ಮಲಗಿರುತ್ತಿದ್ದ. ಸೋರುವ ಕೊಳವೆಯ ಕಲೆ ಕಿಟಕಿಯ ಮಟ್ಟಕ್ಕೆ ಇಳಿದಿತ್ತು.

ಒಂದು ಮಧ್ಯಾಹ್ನ ಹೆಂಡತಿಗೆ ಫೋನು ಮಾಡಿದ. ಅವಳು ಆಗಷ್ಟೇ ಕಾರ್ಖಾನೆಯ ಗೇಟು ದಾಟಿ ಬಸ್ಸಿನ ಕಡೆಗೆ ನಡೆಯುತ್ತಿದ್ದಳು.

"ಏನಾಯ್ತು ರೀ?" ಅವಳ ದನಿಯಲ್ಲಿ ಗಾಬರಿ.

"ಏನಿಲ್ಲ. ಹೊರಗೆ ಹೇಗಿದೆ?"

"ನಿಮ್ಮ ಫೋನೇ ಹೇಳುತ್ತಲ್ಲ."

"ಅದು ಹೇಳೋದು ಬಿಡು. ನೀನು ಹೇಳು."

ಅವಳು ನಿಂತಳು. ಅಂಗಡಿಯೊಂದರ ನೆರಳಿಗೆ ಸರಿದಳು. ಎದುರು ಬೀದಿಯಲ್ಲಿ ಒಬ್ಬಳು ನೀಲಿ ಕೊಡೆ ಹಿಡಿದು ಹೋಗುತ್ತಿದ್ದಾಳೆ, ಕೊಡೆಗೆ ತೂತು ಎಂದಳು. ಒಬ್ಬ ದಪ್ಪನೆಯ ಮನುಷ್ಯ ಕೋಟು ಬಿಚ್ಚಿ ತಲೆಯ ಮೇಲೆ ಹಾಕಿಕೊಂಡಿದ್ದಾನೆ, ಒಳಗಿನ ಅಂಗಿ ಬೆನ್ನಿಗೆ ಅಂಟಿದೆ. ಟಾರು ಮೆತ್ತಗಾಗಿ ಚಪ್ಪಲಿ ಕಚ್ಚುತ್ತಿದೆ. ಮರವೊಂದರ ಕೆಳಗೆ ನಾಯಿ, ಅದರ ಪಕ್ಕ ಇನ್ನೊಂದು ನಾಯಿ, ಎರಡಕ್ಕೂ ಜಗಳವಾಡುವ ಶಕ್ತಿಯಿಲ್ಲ.

"ಆಮೇಲೆ?" ಎಂದ ಹಲ್ಲಿ.

ಬಸ್ಸು ಬಂತು. ಅವಳು ಅದನ್ನು ಹೋಗಗೊಟ್ಟು, ಆಮೇಲಿನದನ್ನು ಹೇಳತೊಡಗಿದಳು.